ಕೇಂದ್ರ ಸಂಸ್ಕೃತಿ ಸಚಿವಾಲಯದ ನೆರವು ಪಡೆಯುವುದು ಹೇಗೆ: ಸಣ್ಣ ಕಲಾತಂಡಗಳಿಗೆ ಸಮಗ್ರ ಮಾರ್ಗದರ್ಶಿ

ಬಯಲಾಟ ಆಡುವ ತಂಡ, ಮಕ್ಕಳಿಗೆ ಸಂಗೀತ ಹೇಳಿಕೊಡುವ ಸಂಸ್ಥೆ, ತೊಗಲುಗೊಂಬೆ ಉಳಿಸಿಕೊಂಡು ಬಂದ ಮನೆತನ, ಯಾರ ಹತ್ತಿರ ಬೇಕಾದರೂ ಕೇಂದ್ರ ಸರ್ಕಾರದ ಅನುದಾನದ ಮಾತೆತ್ತಿ ನೋಡಿ. "ಅದೆಲ್ಲ ದೆಹಲಿಯಲ್ಲಿ ಗುರುತು ಪರಿಚಯ ಇರೋರಿಗೆ ಬಿಡಿ" ಅಂತಾರೆ. ನಾನು ಇದನ್ನು ಒಪ್ಪುವುದಿಲ್ಲ. ಅರ್ಜಿಗಳು ಹೆಚ್ಚಾಗಿ ಬಿದ್ದುಹೋಗುವುದು ಕಾಗದಪತ್ರದಲ್ಲಿ. ಮೂವತ್ತು ವರ್ಷ ಕುಣಿದವರ ಹತ್ತಿರ ಅದನ್ನು ತೋರಿಸುವ ಮೂರು ಹಾಳೆ ಇರುವುದಿಲ್ಲ. ಅರ್ಜಿ ತುಂಬುವ ಕೆಲಸ ಒಂದು ವಾರದ್ದು. ಆ ಅರ್ಜಿಗೆ ಬೇಕಾದ ಪುರಾವೆ ಕೂಡಿಸುವ ಕೆಲಸ ಎರಡು ಮೂರು ವರ್ಷದ್ದು. ಹಾಗಾಗಿ ಈ ವರ್ಷ ಅರ್ಜಿ ಹಾಕುವ ಯೋಚನೆ ಇಲ್ಲದವರೂ ಇದನ್ನು ಓದಬೇಕು ಅಂತ ನನ್ನ ಆಸೆ.

ಮೊದಲು, ಯಾವ ಬಾಗಿಲು ತಟ್ಟಬೇಕು?

ಸಂಸ್ಕೃತಿ ಸಚಿವಾಲಯ ಅಂದರೆ ದೆಹಲಿಯ ಒಂದೇ ಕಚೇರಿ ಅಲ್ಲ. ಅದರ ಕೆಳಗೆ ಬೇರೆ ಬೇರೆ ಸಂಸ್ಥೆಗಳಿವೆ. ಸಂಗೀತ, ನೃತ್ಯ, ನಾಟಕಕ್ಕೆ ಸಂಗೀತ ನಾಟಕ ಅಕಾಡೆಮಿ. ಚಿತ್ರ, ಶಿಲ್ಪಕ್ಕೆ ಲಲಿತ ಕಲಾ ಅಕಾಡೆಮಿ. ಸಾಹಿತ್ಯಕ್ಕೆ ಸಾಹಿತ್ಯ ಅಕಾಡೆಮಿ. ಸ್ಮಾರಕಗಳ ಕೆಲಸ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯದು. ವಿದ್ಯಾರ್ಥಿವೇತನ ಮತ್ತು ಫೆಲೋಶಿಪ್ ನೋಡಿಕೊಳ್ಳುವುದು 1979ರಲ್ಲಿ ಶುರುವಾದ ಸಿಸಿಆರ್‌ಟಿ, ಅಂದರೆ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ.

ನಮ್ಮವರು ಜಾಸ್ತಿ ಗಮನ ಕೊಡದ ಇನ್ನೊಂದು ಬಾಗಿಲಿದೆ. ದೇಶದಲ್ಲಿ ಏಳು ವಲಯ ಸಾಂಸ್ಕೃತಿಕ ಕೇಂದ್ರಗಳಿವೆ. ಕರ್ನಾಟಕ ಅವುಗಳಲ್ಲಿ ಎರಡಕ್ಕೆ ಸೇರುತ್ತದೆ: ತಂಜಾವೂರಿನ ದಕ್ಷಿಣ ವಲಯ ಕೇಂದ್ರ ಮತ್ತು ನಾಗಪುರದ ದಕ್ಷಿಣ ಮಧ್ಯ ವಲಯ ಕೇಂದ್ರ. ಹೊರರಾಜ್ಯದ ಉತ್ಸವಗಳಿಗೆ ತಂಡಗಳನ್ನು ಕಳಿಸುವುದು ಈ ಕೇಂದ್ರಗಳೇ. ಮರೆಯಾಗುತ್ತಿರುವ ಕಲೆಗಳಿಗೆ ಗುರು-ಶಿಷ್ಯ ತರಬೇತಿ ನಡೆಸುವುದೂ ಇವೇ. ಆ ತರಬೇತಿಯಲ್ಲಿ ಗುರುವಿಗೆ ತಿಂಗಳಿಗೆ 7,500 ರೂಪಾಯಿ, ಪಕ್ಕವಾದ್ಯದವರಿಗೆ 3,750, ಶಿಷ್ಯನಿಗೆ 1,500 ಅಂತ ಇದೆ. ಮೊತ್ತ ಸಣ್ಣದು, ನಿಜ. ಆದರೆ ಕೇಂದ್ರದ ಒಂದು ಸಂಸ್ಥೆ ನಿಮ್ಮ ಗುರುವನ್ನು ಗುರು ಅಂತ ಒಪ್ಪಿಕೊಂಡ ಕಾಗದ ಕೈಗೆ ಬರುತ್ತದಲ್ವಾ, ಮುಂದಿನ ಅರ್ಜಿಗಳಿಗೆ ಅದರ ಬೆಲೆ ದೊಡ್ಡದು.

ರಾಜ್ಯದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯನ್ನೂ ಬಿಡಬೇಡಿ. ಜಿಲ್ಲಾ ಕೇಂದ್ರದಲ್ಲಿ ಅದರ ಸಹಾಯಕ ನಿರ್ದೇಶಕರ ಕಚೇರಿ ಇರುತ್ತದೆ. ಅಲ್ಲಿ ಸಿಗುವ ಸಣ್ಣ ಪ್ರಾಯೋಜನೆ, ಜಿಲ್ಲಾ ಉತ್ಸವದ ಒಂದು ಅವಕಾಶ, ಇವೇ ನಾಳೆ ದೆಹಲಿಗೆ ತೋರಿಸುವ ಪುರಾವೆ.

ನಿಮಗೆ ಹೊಂದುವ ಯೋಜನೆ ಯಾವುದು?

ಸಚಿವಾಲಯದ ಹೆಚ್ಚಿನ ಧನಸಹಾಯಗಳು 'ಕಲಾ ಸಂಸ್ಕೃತಿ ವಿಕಾಸ ಯೋಜನೆ' ಅನ್ನುವ ಒಂದೇ ಹೆಸರಿನ ಕೆಳಗೆ ಬರುತ್ತವೆ. ಸಣ್ಣ ತಂಡಗಳಿಗೆ ಬೇಕಾದವನ್ನಷ್ಟೇ ಹೇಳುತ್ತೇನೆ.

ಒಂದು ಉತ್ಸವ, ಕಮ್ಮಟ, ವಿಚಾರ ಸಂಕಿರಣ ಅಥವಾ ಹೊಸ ನಾಟಕ ಮಾಡಬೇಕು ಅಂತಿದ್ದರೆ ಸಾಂಸ್ಕೃತಿಕ ಕಾರ್ಯಕ್ರಮ ಮತ್ತು ನಿರ್ಮಾಣ ಅನುದಾನ ನೋಡಿ. ಒಂದು ಕೆಲಸಕ್ಕೆ ಸಾಮಾನ್ಯವಾಗಿ 5 ಲಕ್ಷ ರೂಪಾಯಿ ಮಿತಿ. ವಿಶೇಷ ಸಂದರ್ಭದಲ್ಲಿ 20 ಲಕ್ಷದವರೆಗೂ ಹೋಗಬಹುದು. ಒಟ್ಟು ಖರ್ಚಿನ ಶೇಕಡ 75ರಷ್ಟನ್ನು ಮಾತ್ರ ಸರ್ಕಾರ ಕೊಡುತ್ತದೆ, ಉಳಿದದ್ದು ನಿಮ್ಮದು. ಹೊಸದಾಗಿ ಅರ್ಜಿ ಹಾಕುವವರು ಇಲ್ಲಿಂದಲೇ ಶುರು ಮಾಡುವುದು ಒಳ್ಳೆಯದು.

ವರ್ಷವಿಡೀ ಶಿಷ್ಯರನ್ನಿಟ್ಟುಕೊಂಡು ತರಬೇತಿ ಕೊಡುತ್ತಾ ಪ್ರದರ್ಶನ ಮಾಡುವ ತಂಡಗಳಿಗೆ ಗುರು-ಶಿಷ್ಯ ಪರಂಪರೆಯ ಅನುದಾನ ಇದೆ (ಮೇಲೆ ಹೇಳಿದ ವಲಯ ಕೇಂದ್ರದ ಗುರು-ಶಿಷ್ಯ ತರಬೇತಿ ಬೇರೆ, ಇದು ಬೇರೆ). ರಂಗಭೂಮಿಯವರು ಇದನ್ನು ರೆಪರ್ಟರಿ ಗ್ರ್ಯಾಂಟ್ ಅಂತಲೇ ಕರೆಯುತ್ತಾರೆ. ಗುರುವಿಗೆ ತಿಂಗಳಿಗೆ 15,000 ರೂಪಾಯಿ. ಶಿಷ್ಯರಿಗೆ ವಯಸ್ಸಿನ ಪ್ರಕಾರ 2,000ದಿಂದ 10,000 ರೂಪಾಯಿ. ನಾಟಕವಾದರೆ ಒಬ್ಬ ಗುರು, ಹೆಚ್ಚೆಂದರೆ 18 ಶಿಷ್ಯರು. ಸಂಗೀತ, ನೃತ್ಯವಾದರೆ ಒಬ್ಬ ಗುರು, ಹೆಚ್ಚೆಂದರೆ 10 ಶಿಷ್ಯರು. ಇದು ತಂಡದ ಜೀವ ಹಿಡಿದಿಡುವ ದುಡ್ಡು. ಪ್ರತಿ ವರ್ಷ ನವೀಕರಣ ಆಗಬೇಕು, ಅದಕ್ಕೆ ಪ್ರತಿ ವರ್ಷದ ಲೆಕ್ಕವೂ ಸರಿ ಇರಬೇಕು.

ರಂಗಮಂದಿರವೋ ತಾಲೀಮಿನ ಕೋಣೆಯೋ ಕಟ್ಟುವವರಿಗೆ ಕಟ್ಟಡ ಅನುದಾನ ಇದೆ: ಮಹಾನಗರಗಳಲ್ಲಿ 50 ಲಕ್ಷ, ಬೇರೆ ಕಡೆ 25 ಲಕ್ಷದವರೆಗೆ. ಜಾಗ ಸಂಸ್ಥೆಯ ಹೆಸರಲ್ಲಿ ಕಾನೂನುಬದ್ಧವಾಗಿ ಇಲ್ಲದೆ ಇದರ ಕಡೆ ತಲೆ ಹಾಕಬೇಡಿ.

ಇನ್ನು ವ್ಯಕ್ತಿಗಳಿಗೆ. 10ರಿಂದ 14 ವರ್ಷದ ಮಕ್ಕಳಿಗೆ ಸಿಸಿಆರ್‌ಟಿಯ ಪ್ರತಿಭಾನ್ವೇಷಣೆ ವಿದ್ಯಾರ್ಥಿವೇತನ. 18ರಿಂದ 25ರ ಒಳಗಿನ ಕಲಾವಿದರಿಗೆ ಎರಡು ವರ್ಷ ತಿಂಗಳಿಗೆ 5,000 ರೂಪಾಯಿ, ಇದಕ್ಕೆ ಗುರುವಿನ ಹತ್ತಿರ ಕನಿಷ್ಠ 5 ವರ್ಷ ಕಲಿತಿರಬೇಕು. 25ರಿಂದ 40ರವರಿಗೆ ಜೂನಿಯರ್ ಫೆಲೋಶಿಪ್ ತಿಂಗಳಿಗೆ 10,000, ನಲವತ್ತು ದಾಟಿದವರಿಗೆ ಸೀನಿಯರ್ ಫೆಲೋಶಿಪ್ 20,000. ಇವೆರಡೂ ಎರಡು ವರ್ಷದವು. ತಿಂಗಳ ಲೆಕ್ಕ ಇದ್ದರೂ ದುಡ್ಡು ಕೈಗೆ ಬರುವುದು ಆರು ತಿಂಗಳ ಕಂತಿನಲ್ಲಿ.

60 ವರ್ಷ ದಾಟಿದ, ವರ್ಷದ ಆದಾಯ 72,000 ರೂಪಾಯಿ ಮೀರದ ಕಲಾವಿದರಿಗೆ ತಿಂಗಳಿಗೆ 6,000 ರೂಪಾಯಿವರೆಗೆ ನೆರವು ಇದೆ. ನಿಮ್ಮ ತಂಡದಲ್ಲಿ ಹಿರಿಯ ಭಾಗವತರಿದ್ದರೆ ತಂಡದ ಅರ್ಜಿಗಿಂತ ಮೊದಲು ಅವರದ್ದನ್ನು ಹಾಕಿಸಿ. ರಾಜ್ಯದ ಕಲಾವಿದರ ಮಾಸಾಶನ ಆಗಿಲ್ಲದಿದ್ದರೆ ಅದನ್ನೇ ಮೊದಲು ಮಾಡಿಸಿ, ಆ ಆದೇಶದ ಪ್ರತಿ ಕೇಂದ್ರದ ಅರ್ಜಿಗೆ ಕೆಲಸಕ್ಕೆ ಬರುತ್ತದೆ. ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಹಳೆಯ ಪ್ರಶಸ್ತಿಪತ್ರ, ಮೂರರಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ. 'ನಂಜಪ್ಪ' ಒಂದು ಕಡೆ, 'ನಂಜುಂಡಪ್ಪ' ಇನ್ನೊಂದು ಕಡೆ ಇದ್ದರೆ ಅಲ್ಲೇ ನಿಲ್ಲುತ್ತದೆ.

ಸಂಸ್ಥೆಯ ಕಾಗದಗಳು

ತಂಡಕ್ಕೆ ಕಾನೂನಿನ ರೂಪ ಬೇಕು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಸಂಘ ಮಾಡಬಹುದು, ಅದಕ್ಕೆ ಕನಿಷ್ಠ ಏಳು ಜನ ಬೇಕು. ಟ್ರಸ್ಟ್ ಕೂಡ ಆಗುತ್ತದೆ. ಸಾಮಾನ್ಯವಾಗಿ ನೋಂದಣಿಯಾಗಿ ಮೂರು ವರ್ಷ ಆಗಿರಬೇಕು ಅನ್ನುವ ಷರತ್ತು ಇರುತ್ತದೆ. ಹಾಗಾಗಿ ನೋಂದಣಿ ಮಾಡಿಸದೆ ಇರುವವರು ಈ ತಿಂಗಳೇ ಮಾಡಿಸಿ.

ಬೈಲಾದ ಉದ್ದೇಶಗಳಲ್ಲಿ ಕಲೆ, ಸಂಸ್ಕೃತಿಯ ಮಾತು ಸ್ಪಷ್ಟವಾಗಿ ಇರಲಿ. ಯುವಕ ಸಂಘದ ಬೈಲಾದಲ್ಲಿ ಕ್ರೀಡೆ, ರಕ್ತದಾನ, ಗಿಡ ನೆಡುವುದು ಎಲ್ಲ ಇದ್ದು ಬಯಲಾಟದ ಹೆಸರೇ ಇಲ್ಲದಿದ್ದರೆ ತೊಂದರೆ. ಪ್ರತಿ ವರ್ಷ ಮಹಾಸಭೆ ನಡೆಸಿ, ಪದಾಧಿಕಾರಿಗಳ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ಸಂಘಗಳ ನೋಂದಣಾಧಿಕಾರಿಗಳ ಕಚೇರಿಗೆ ಸಲ್ಲಿಸಬೇಕು. ಇದನ್ನು ವರ್ಷಗಟ್ಟಲೆ ಬಿಟ್ಟ ಸಂಘಗಳು ಬಹಳ ಇವೆ. ಬಾಕಿ ಇದ್ದರೆ ದಂಡ ಕಟ್ಟಿ ಸರಿ ಮಾಡಿಸಿಕೊಳ್ಳಿ.

ಸಂಸ್ಥೆಯ ಹೆಸರಲ್ಲೇ ಪ್ಯಾನ್ ಮತ್ತು ಬ್ಯಾಂಕ್ ಖಾತೆ ಬೇಕು. ಕಾರ್ಯದರ್ಶಿಯ ಸ್ವಂತ ಖಾತೆ ನಡೆಯುವುದಿಲ್ಲ. ಮೂರು ವರ್ಷದ ಲೆಕ್ಕವನ್ನು ಚಾರ್ಟರ್ಡ್ ಅಕೌಂಟೆಂಟ್ ಆಡಿಟ್ ಮಾಡಿರಬೇಕು. ನಿಮ್ಮ ವಾರ್ಷಿಕ ವಹಿವಾಟು ನಲವತ್ತು ಸಾವಿರವೇ ಇರಲಿ, ಪರವಾಗಿಲ್ಲ, ಆಡಿಟ್ ಆಗಿರಲಿ. ಬಾಯಲ್ಲಿ ಹೇಳುವ ನಾಲ್ಕು ಲಕ್ಷಕ್ಕಿಂತ ಸಿಎ ಸಹಿ ಇರುವ ನಲವತ್ತು ಸಾವಿರ ಮೇಲು.

ಆಮೇಲೆ ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲ್‌ನಲ್ಲಿ ನೋಂದಾಯಿಸಿ. ಅದು ಉಚಿತ. ಪದಾಧಿಕಾರಿಗಳ ಪ್ಯಾನ್, ಆಧಾರ್ ಹತ್ತಿರ ಇಟ್ಟುಕೊಂಡು ಕೂತುಕೊಳ್ಳಿ. ರಾಜ್ಯದ ಸಂಕೇತ, ವರ್ಷ, ಸಂಖ್ಯೆ ಇರುವ ಒಂದು ಐಡಿ ಬರುತ್ತದೆ. ಅದಿಲ್ಲದೆ ಕೇಂದ್ರದ ಅನುದಾನದ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಪದಾಧಿಕಾರಿಗಳು ಬದಲಾದಾಗ ಅಲ್ಲೂ ಬದಲಾಯಿಸುವುದು ಮರೆಯಬೇಡಿ. ಅನುದಾನದ ಹಣ ಪಿಎಫ್‌ಎಂಎಸ್ ಅನ್ನುವ, ಸರ್ಕಾರಿ ಹಣ ಪಾವತಿಯ ಆನ್‌ಲೈನ್ ವ್ಯವಸ್ಥೆಯ ಮೂಲಕ ಬರುವುದರಿಂದ ಅಲ್ಲೂ ಖಾತೆಯನ್ನು ನೋಂದಾಯಿಸಬೇಕಾಗುತ್ತದೆ.

ಮೂರು ವರ್ಷದ ಕಡತ

ನನ್ನ ಪ್ರಕಾರ ಅನುದಾನ ಸಿಗುವುದೋ ತಪ್ಪುವುದೋ ತೀರ್ಮಾನ ಆಗುವುದು ಇಲ್ಲೇ. ಒಂದು ದಪ್ಪ ಫೈಲ್ ತೆಗೆದುಕೊಳ್ಳಿ. ಪ್ರತಿ ಪ್ರದರ್ಶನಕ್ಕೂ ಎರಡು ಹಾಳೆ ಮೀಸಲಿಡಿ. ಆಟ ಮುಗಿದ ಮಾರನೇ ದಿನವೇ ತುಂಬಿಸಿ, ತಿಂಗಳು ಕಳೆದರೆ ಯಾರಿಗೂ ನೆನಪಿರುವುದಿಲ್ಲ.

ಬಹಳ ಅರ್ಜಿಗಳಲ್ಲಿ "ನಮ್ಮ ತಂಡವು ನಾಡಿನ ಹಲವು ಕಡೆ ಯಶಸ್ವಿ ಪ್ರದರ್ಶನ ನೀಡಿ ಜನಮೆಚ್ಚುಗೆ ಗಳಿಸಿದೆ" ಅನ್ನುವ ಸಾಲು ಇರುತ್ತದೆ. ಓದುವವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಅದರ ಬದಲು ಹೀಗೆ ಬರೆಯಿರಿ:

"8 ಮಾರ್ಚ್ 2024, ಮಹಾಶಿವರಾತ್ರಿ. ಮೂಡಲಪಾಯ ಬಯಲಾಟ, ಇಡೀ ರಾತ್ರಿಯ ಪ್ರಸಂಗ. ದೇವಸ್ಥಾನದ ಮುಂದಿನ ಬಯಲು. ರಾತ್ರಿ 9ರಿಂದ ಬೆಳಗಿನ 5ರವರೆಗೆ. ವೇಷಧಾರಿಗಳು 14, ಹಿಮ್ಮೇಳ 4. ಆಹ್ವಾನ ಪತ್ರಿಕೆ ಪುಟ 22, ಫೋಟೊ ಪುಟ 23, ದೇವಸ್ಥಾನ ಸಮಿತಿಯ ಪತ್ರ ಪುಟ 24."

ಊರು, ಹೋಬಳಿ, ತಾಲ್ಲೂಕಿನ ಹೆಸರು ಸೇರಿಸಿದರೆ ಆಯಿತು. ಇದನ್ನು ಓದಿದವರಿಗೆ ಆ ರಾತ್ರಿ ಆಟ ನಡೆದಿದೆ ಅನ್ನುವುದರಲ್ಲಿ ಅನುಮಾನ ಉಳಿಯುವುದಿಲ್ಲ.

ಫೋಟೊದಲ್ಲಿ ಎರಡು ವಿಷಯ ಕಾಣಬೇಕು: ಕಲೆ ಮತ್ತು ಜನ. ಶಾಲು ಹೊದಿಸುವ ಫೋಟೊಗಳು ಹತ್ತು ಇದ್ದು, ಆಟದ ಫೋಟೊ ಒಂದೂ ಇಲ್ಲದ ಫೈಲ್‌ಗಳು ಬರುತ್ತವೆ. ಭುಜಕೀರ್ತಿ ಕಟ್ಟಿಕೊಂಡು ವೇಷ ರಂಗಕ್ಕೆ ಬಂದ ಫೋಟೊ ಒಂದು, ಹಿಮ್ಮೇಳದ್ದು ಒಂದು, ರಂಗದ ಕಡೆಯಿಂದ ಪ್ರೇಕ್ಷಕರನ್ನು ತೆಗೆದದ್ದು ಒಂದು. ಬ್ಯಾನರ್ ಕಟ್ಟುವುದಾದರೆ ಅದರಲ್ಲಿ ತಂಡದ ಹೆಸರು, ಊರು, ದಿನಾಂಕ ಬರೆಸಿ, ಮುನ್ನೂರು ರೂಪಾಯಿಯ ಆ ಬ್ಯಾನರ್ ಫೋಟೊಗೆ ಸಾಕ್ಷಿ ಆಗುತ್ತದೆ. ಪತ್ರಿಕೆಯಲ್ಲಿ ಸುದ್ದಿ ಬಂದರೆ ಪತ್ರಿಕೆಯ ಹೆಸರು ಮತ್ತು ದಿನಾಂಕ ಕಾಣುವ ಹಾಗೆ ಕತ್ತರಿಸಿ. ತರಬೇತಿ ನಡೆಸುವವರು ಹಾಜರಿ ಪುಸ್ತಕ ಇಡಿ, ಶಿಷ್ಯರೇ ಸಹಿ ಹಾಕಲಿ. ಐದಾರು ನಿಮಿಷದ ಒಂದು ವಿಡಿಯೊ ಸಾಕು, ಆದರೆ ಮೊದಲ ಅರ್ಧ ನಿಮಿಷದಲ್ಲೇ ಕಲೆ ಶುರುವಾಗಲಿ.

ಪ್ರಸ್ತಾವನೆ ಬರೆಯುವಾಗ

ನಿಮ್ಮ ಅರ್ಜಿ ನೋಡುವ ತಜ್ಞರ ಸಮಿತಿಯಲ್ಲಿ ದೇಶದ ಬೇರೆ ಬೇರೆ ಕಡೆಯವರು ಇರುತ್ತಾರೆ. ಒಬ್ಬರು ಕಥಕ್ ಬಲ್ಲವರು, ಇನ್ನೊಬ್ಬರು ಬಂಗಾಳದ ರಂಗಭೂಮಿಯವರು ಇರಬಹುದು. ಅವರಿಗೆ ಯಕ್ಷಗಾನದ ಹೆಸರು ಗೊತ್ತಿರುತ್ತದೆ. ಬಯಲುಸೀಮೆಯ ಮೂಡಲಪಾಯ ಗೊತ್ತಿರಬೇಕು ಅಂತೇನಿಲ್ಲ. ಹಾಗಾಗಿ ಮೊದಲ ಪ್ಯಾರಾದಲ್ಲೇ ಕಲೆಯನ್ನು ಕಣ್ಣಿಗೆ ಕಟ್ಟುವ ಹಾಗೆ ಹೇಳಿ. ಕರಾವಳಿಯ ಪಡುವಲಪಾಯ ಯಕ್ಷಗಾನಕ್ಕಿಂತ ಇದು ಹೇಗೆ ಬೇರೆ, ಮುಖವೀಣೆ ಅನ್ನುವ ಊದುವ ವಾದ್ಯದ ದನಿ ಆಟದಲ್ಲಿ ಏನು ಕೆಲಸ ಮಾಡುತ್ತದೆ, ಭಾಗವತರು ಎಲ್ಲಿ ನಿಲ್ಲುತ್ತಾರೆ, ಕಿರೀಟ, ಭುಜಕೀರ್ತಿ, ಎದೆಹಾರಗಳನ್ನು ಯಾರು ಮಾಡುತ್ತಾರೆ. "ನಮ್ಮ ಭವ್ಯ ಪರಂಪರೆ" ಅಂತ ಹತ್ತು ಸಲ ಬರೆಯುವ ಜಾಗದಲ್ಲಿ ಇವನ್ನು ಬರೆಯಿರಿ.

ಎರಡನೇ ಪ್ಯಾರಾದಲ್ಲಿ ಈಗಿನ ಸ್ಥಿತಿ. ನಿಮ್ಮ ಸೀಮೆಯಲ್ಲಿ ಮುಖವೀಣೆ ನುಡಿಸುವವರು ಈಗ ಎಷ್ಟು ಜನ, ಅವರ ವಯಸ್ಸೆಷ್ಟು, ಕಲಿಯುವವರು ಇದ್ದಾರಾ? ಗೊತ್ತಿರುವುದನ್ನು ಗೊತ್ತಿರುವಷ್ಟೇ ಬರೆಯಿರಿ. "ಇಬ್ಬರು, ಇಬ್ಬರೂ ಎಪ್ಪತ್ತು ದಾಟಿದವರು" ಅನ್ನುವ ಒಂದು ಸಾಲು ಪುಟಗಟ್ಟಲೆ ವರ್ಣನೆಗಿಂತ ಜೋರಾಗಿ ಮಾತಾಡುತ್ತದೆ.

ಮೂರನೆಯದು, ನೀವು ಏನು ಮಾಡುತ್ತೀರಿ. ದಿನಾಂಕ, ಜಾಗ, ಎಷ್ಟು ದಿನ, ಯಾರು ಕಲಿಸುತ್ತಾರೆ, ಯಾರು ಕಲಿಯುತ್ತಾರೆ, ಕೊನೆಗೆ ಏನು ಉಳಿಯುತ್ತದೆ. ಸುಮ್ನೆ ದೊಡ್ಡದಾಗಿ ಹೇಳಬೇಡಿ. ಇಪ್ಪತ್ತು ಮಕ್ಕಳಿಗೆ ಹದಿನೈದು ದಿನದ ಶಿಬಿರ ಅಂತ ಬರೆದು ಅದನ್ನು ಪೂರ್ತಿ ಮಾಡಿ ತೋರಿಸಿದ ತಂಡಕ್ಕೆ ಮುಂದಿನ ಸಲ ದಾರಿ ಸಲೀಸು.

ಅರ್ಜಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರುತ್ತದೆ. ಮೊದಲು ಕನ್ನಡದಲ್ಲಿ ಪೂರ್ತಿ ಬರೆದುಕೊಂಡು, ಕಾಲೇಜಿನ ಮೇಷ್ಟ್ರ ಹತ್ತಿರ ಕೂತು ಇಂಗ್ಲಿಷ್ ಮಾಡಿಸಿ. ಕನ್ನಡದ ದಾಖಲೆಗಳ ಜೊತೆ ಎರಡು ಸಾಲಿನ ಇಂಗ್ಲಿಷ್ ವಿವರ ಇಡಿ. ಎಲ್ಲವನ್ನೂ ಏಜೆಂಟ್ ಕೈಗೆ ಕೊಟ್ಟು ಸುಮ್ಮನಾಗಬೇಡಿ. ಅವರು ಬೇರೆ ತಂಡಕ್ಕೆ ಬರೆದದ್ದನ್ನೇ ನಿಮಗೂ ಅಂಟಿಸಿಬಿಡುತ್ತಾರೆ, ಸಂದರ್ಶನದಲ್ಲಿ ಉತ್ತರ ಕೊಡಬೇಕಾದವರು ನೀವು.

ಬಜೆಟ್

ಹದಿನೈದು ದಿನದ, ಇಪ್ಪತ್ತು ಜನರ ಮೂಡಲಪಾಯ ಶಿಬಿರಕ್ಕೆ ಒಂದು ಮಾದರಿ ಲೆಕ್ಕ ಹಾಕೋಣ. ದರಗಳು ಉದಾಹರಣೆಗೆ ಮಾತ್ರ.

ಮುಖ್ಯ ಗುರುಗಳ ಸಂಭಾವನೆ: 15 ದಿನ × 1,500 = 22,500
ಮದ್ದಲೆ, ಮುಖವೀಣೆ ಕಲಾವಿದರು: 2 ಜನ × 15 ದಿನ × 1,000 = 30,000
ಶಿಬಿರಾರ್ಥಿಗಳ ಊಟ, ತಿಂಡಿ: 20 ಜನ × 15 ದಿನ × 150 = 45,000
ಕೊನೆಯ ದಿನದ ಆಟಕ್ಕೆ ಮೈಕು, ಲೈಟು: 20,000
ವೇಷಭೂಷಣ ಬಾಡಿಗೆ: 25,000
ವಿಡಿಯೊ ದಾಖಲೆ: 15,000
ಕರಪತ್ರ, ಬ್ಯಾನರ್: 7,500
ಒಟ್ಟು: 1,65,000 ರೂಪಾಯಿ

ಇದರಲ್ಲಿ ಶೇಕಡ 75 ಅಂದರೆ 1,23,750 ರೂಪಾಯಿ ಕೇಳಬಹುದು. ಉಳಿದ 41,250 ನಿಮ್ಮ ಪಾಲು. ಅದು ಎಲ್ಲಿಂದ ಬರುತ್ತದೆ ಅಂತಲೂ ಬರೆಯಿರಿ: ಸಂಘದ ಸ್ವಂತ ಹಣ ಇಷ್ಟು, ದಾನಿಗಳಿಂದ ಇಷ್ಟು. ಪ್ರತಿ ಸಾಲಿನಲ್ಲೂ ಗುಣಾಕಾರ ಕಾಣುವ ಹಾಗೆ ಇರಲಿ. "ಇತರೆ ಖರ್ಚು 30,000" ಅನ್ನುವ ಸಾಲು ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ. ಕೇಳಿದ್ದಕ್ಕಿಂತ ಕಡಿಮೆ ಮಂಜೂರಾಗುವುದು ಮಾಮೂಲು. ಹಾಗಾದರೆ ಯಾವುದನ್ನು ಕಡಿಮೆ ಮಾಡುತ್ತೀರಿ ಅಂತ ಮೊದಲೇ ಯೋಚಿಸಿ. ನಾನಾದರೆ ಕರಪತ್ರ, ಬ್ಯಾನರ್ ಕಡಿಮೆ ಮಾಡುತ್ತೇನೆ, ಮುಖವೀಣೆಯವರ ಸಂಭಾವನೆ ಮುಟ್ಟುವುದಿಲ್ಲ.

ಅರ್ಜಿ ಮತ್ತು ಸಂದರ್ಶನ

ಅರ್ಜಿ ಕರೆದಾಗ ಸಚಿವಾಲಯದ ವೆಬ್‌ಸೈಟ್‌ನಲ್ಲಿ ಪ್ರಕಟಣೆ ಬರುತ್ತದೆ, ಫೆಲೋಶಿಪ್‌ಗಳದ್ದು ಸಿಸಿಆರ್‌ಟಿ ವೆಬ್‌ಸೈಟ್‌ನಲ್ಲಿ. ತಂಡದಲ್ಲಿ ಒಬ್ಬ ಹುಡುಗನಿಗೋ ಹುಡುಗಿಗೋ ವಾರಕ್ಕೊಮ್ಮೆ ಇವನ್ನು ನೋಡುವ ಕೆಲಸ ಒಪ್ಪಿಸಿ. ಆ ವರ್ಷದ ಮಾರ್ಗಸೂಚಿಯನ್ನೇ ಇಳಿಸಿಕೊಂಡು ಓದಿ, ಮೊತ್ತ, ಷರತ್ತುಗಳು ಬದಲಾಗುತ್ತವೆ. ಕೊನೆಯ ದಿನಕ್ಕೆ ಕಾಯಬೇಡಿ. ಸಲ್ಲಿಸಿದ ಮೇಲೆ ಅರ್ಜಿ ಸಂಖ್ಯೆಯನ್ನು ಬರೆದಿಟ್ಟು, ಪೂರ್ತಿ ಅರ್ಜಿಯ ಒಂದು ಪ್ರತಿ ಫೈಲ್‌ನಲ್ಲಿ ಇಡಿ.

ರೆಪರ್ಟರಿ ಗ್ರ್ಯಾಂಟ್‌ಗೆ ಸಮಿತಿಯ ಮುಂದೆ ಹಾಜರಾಗಬೇಕಾಗಬಹುದು, ನಿಮ್ಮ ಜಾಗಕ್ಕೇ ಬಂದು ಪರಿಶೀಲನೆಯೂ ಆಗಬಹುದು. ಕಲೆ ಬಲ್ಲ ಗುರುಗಳೇ ಹೋಗಬೇಕು. ಭಾಷೆ ಬಾರದು ಅಂತ ಅವರನ್ನು ಮನೆಯಲ್ಲಿ ಬಿಟ್ಟು ಕಾರ್ಯದರ್ಶಿ ಒಬ್ಬರೇ ಹೋದರೆ, ಒಂದು ಪದ ಹಾಡಿ ತೋರಿಸಿ ಅಂದಾಗ ಕಷ್ಟ. ಅನುವಾದಕ್ಕೆ ಒಬ್ಬರು ಜೊತೆಗಿರಲಿ. ಸ್ಥಳ ಪರಿಶೀಲನೆಗೆ ಬಂದವರಿಗೆ ಹಾಜರಿ ಪುಸ್ತಕ, ಕ್ಯಾಶ್‌ಬುಕ್, ಎಂದಿನ ತಾಲೀಮು ತೋರಿಸಿ.

ದುಡ್ಡು ಬಂದ ಮೇಲೆ

ಮಂಜೂರಾತಿ ಆದೇಶ ಬಂದಾಗ ಸಂಘದ ಠರಾವು, ಬಾಂಡ್, ಮುಂಗಡ ರಶೀದಿ ಕೇಳುತ್ತಾರೆ. ಕಾರ್ಯಕ್ರಮದ ಅನುದಾನ ಒಂದೇ ಸಲ ಬರುವುದಿಲ್ಲ. ಹೆಚ್ಚಿನ ಭಾಗ ಮೊದಲು, ಉಳಿದದ್ದು ಲೆಕ್ಕ ಒಪ್ಪಿಸಿದ ಮೇಲೆ. ಆ ಕೊನೆಯ ಕಂತು ಬರಲು ತಡವಾಗುತ್ತದೆ. ಮೈಕಿನವರಿಗೆ, ಅಡಿಗೆಯವರಿಗೆ ಅದನ್ನು ನಂಬಿ ಮಾತು ಕೊಡಬೇಡಿ.

ಪಾವತಿ ಎಲ್ಲ ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಆಗಲಿ. ಹಳ್ಳಿಯ ಕಲಾವಿದರಿಗೆ ನಗದು ಕೊಡಲೇಬೇಕಾಗಿ ಬಂದರೆ ವೋಚರ್‌ನಲ್ಲಿ ಹೆಸರು, ಊರು, ಯಾವ ಕೆಲಸಕ್ಕೆ, ಯಾವ ದಿನಾಂಕ, ಎಷ್ಟು ಅಂತ ಬರೆದು ಸಹಿ ಪಡೆಯಿರಿ. 5,000 ರೂಪಾಯಿ ಮೀರಿದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ. ಒಂದು ಬಾಬ್ತಿಗೆ ಅಂತ ಮಂಜೂರಾದ ಹಣವನ್ನು ಇನ್ನೊಂದಕ್ಕೆ ಖರ್ಚು ಮಾಡಬೇಕಾದರೆ ಮೊದಲೇ ಬರೆದು ಅನುಮತಿ ಕೇಳಿ.

ಕೆಲಸ ಮುಗಿದ ಮೇಲೆ ಬಳಕೆ ಪ್ರಮಾಣಪತ್ರ, ಎಲ್ಲರ ಬಾಯಲ್ಲಿ ಯುಸಿ. ಇದು ಜಿಎಫ್‌ಆರ್, ಅಂದರೆ ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳ, 12-ಎ ನಮೂನೆಯಲ್ಲೇ ಇರಬೇಕು. ಮಂಜೂರಾತಿ ಆದೇಶದ ಸಂಖ್ಯೆ, ದಿನಾಂಕ, ಬಂದ ಹಣ, ಖರ್ಚು, ಉಳಿಕೆ ಎಲ್ಲ ಬರೆದು, ಸಂಸ್ಥೆಯವರ ಮತ್ತು ಸಿಎ ಸಹಿ ಹಾಕಿಸಿ. ಜೊತೆಗೆ ಆಡಿಟ್ ಆದ ಖರ್ಚಿನ ಪಟ್ಟಿ, ಕಾರ್ಯಕ್ರಮದ ವರದಿ, ಫೋಟೊ. ಉಳಿದ ಹಣವನ್ನೂ ಅನುದಾನದ ಮೇಲೆ ಖಾತೆಯಲ್ಲಿ ಬಂದ ಬಡ್ಡಿಯನ್ನೂ ವಾಪಸ್ ಮಾಡಬೇಕು. ಅನುದಾನದಲ್ಲಿ ಕೊಂಡ ಮದ್ದಲೆಯನ್ನೋ ಲೈಟನ್ನೋ ಆಸ್ತಿ ಪುಸ್ತಕದಲ್ಲಿ ಬರೆಯಿರಿ, ಸಚಿವಾಲಯದ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ. ಒಂದು ಯುಸಿ ಬಾಕಿ ಉಳಿದರೆ ಮುಂದಿನ ಅನುದಾನ ಅಲ್ಲಿಗೇ ನಿಂತಿತು ಅಂತ ತಿಳಿಯಿರಿ.

ಉತ್ತರವೇ ಬರದಿದ್ದರೆ

ತಿಂಗಳುಗಟ್ಟಲೆ ಸುದ್ದಿ ಇಲ್ಲದಿರುವುದು ಇಲ್ಲಿ ಅಪರೂಪವಲ್ಲ. ಮೊದಲು ಅರ್ಜಿ ಸಂಖ್ಯೆ ಹಾಕಿ ಇಮೇಲ್ ಮಾಡಿ. ತಜ್ಞರ ಸಮಿತಿಯ ಸಭೆ ಆದ ಮೇಲೆ ಅದರ ನಡಾವಳಿ ವೆಬ್‌ಸೈಟ್‌ನಲ್ಲಿ ಬಂದಿದೆಯಾ ನೋಡಿ. ಯಾವ ತಂಡಕ್ಕೆ ಎಷ್ಟು ಆಗಿದೆ, ಯಾವುದು ಯಾಕೆ ಆಗಿಲ್ಲ ಅನ್ನುವುದು ಅಲ್ಲಿಂದ ಗೊತ್ತಾಗಬಹುದು. ಆಗಲೂ ತಿಳಿಯದಿದ್ದರೆ ಮಾಹಿತಿ ಹಕ್ಕು ಕಾಯ್ದೆ 2005ರ ಕೆಳಗೆ ಕೇಂದ್ರದ ಆರ್‌ಟಿಐ ಪೋರ್ಟಲ್‌ನಲ್ಲಿ 10 ರೂಪಾಯಿ ಕಟ್ಟಿ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. "ನನಗೆ ಯಾಕೆ ಕೊಡಲಿಲ್ಲ?" ಅಂತ ಕೇಳಬೇಡಿ. "ಈ ಸಂಖ್ಯೆಯ ಅರ್ಜಿ ಯಾವ ಸಭೆಯ ಮುಂದೆ ಬಂದಿತ್ತು, ಆ ಸಭೆಯ ನಡಾವಳಿಯ ಪ್ರತಿ ಕೊಡಿ, ಯಾವ ದಾಖಲೆ ಕಡಿಮೆ ಇತ್ತು ಅನ್ನುವ ಟಿಪ್ಪಣಿಯ ಪ್ರತಿ ಕೊಡಿ" ಅಂತ ಕೇಳಿ. ಬಂದ ಉತ್ತರವನ್ನು ಅದೇ ದಪ್ಪ ಫೈಲ್‌ಗೆ ಸೇರಿಸಿ, ಕಡಿಮೆ ಇದ್ದ ದಾಖಲೆ ಹೊಂದಿಸಿಕೊಂಡು, ಮುಂದಿನ ಪ್ರಕಟಣೆ ಬಂದಾಗ ಮತ್ತೆ ಹಾಕಿ.